ಗುಲಾಗ್ ಅಂದ್ರೆ ಜೈಲಲ್ಲ, ಇಲಾಖೆ

ಸೋವಿಯತ್ ಕಾಲದ ಕಡ್ಡಾಯ ದುಡಿಮೆ ಕ್ಯಾಂಪುಗಳ ಜೊತೆ ಬರೋ ಗುಲಾಗ್ ಅನ್ನೋ ಹೆಸರನ್ನ ಈಗ ಎಲ್ಲದಕ್ಕೂ ಹಚ್ತಾರೆ: ಹಾಸ್ಟೆಲ್ಲಲ್ಲಿ ಮೊಬೈಲ್ ಕಿತ್ಕೊಂಡ್ರೆ ಗುಲಾಗು, ಆಫೀಸಲ್ಲಿ ಶನಿವಾರನೂ ಬನ್ನಿ ಅಂದ್ರೆ ಗುಲಾಗು. ಇಷ್ಟು ದಿನ ಸುಮ್ನಿದ್ದೆ, ಆದ್ರೆ ಮೊನ್ನೆ ಒಬ್ರು "ಗುಲಾಮ ಅನ್ನೋದ್ರಿಂದ್ಲೇ ಗುಲಾಗ್ ಬಂದಿರೋದು" ಅಂತ ಖಡಾಖಂಡಿತವಾಗಿ ಬರ್ದಿದ್ರು, ಅದಕ್ಕೆ ನೂರಾರು ಲೈಕು ಬೇರೆ.

ಗುಲಾಮ ಅರಬ್ಬಿ ಮಾತು, ಮೂಲದಲ್ಲಿ ಹುಡುಗ ಅಂತ ಅರ್ಥ, ಫಾರ್ಸಿ ದಾರಿಯಲ್ಲಿ ನಮ್ಮ ಕಡೆ ಬಂತು. ಗುಲಾಗ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಗುಲಾಗ್ ಅನ್ನೋದು ಒಂದು ಉದ್ದನೆ ಹೆಸರನ್ನ ಕತ್ತರಿಸಿ ಜೋಡಿಸಿದ್ದು: ಗ್ಲಾವ್ನೊಯೆ ಉಪ್ರಾವ್ಲೆನಿಯೆ ಲಾಗೆರೇಯ್, ಅಂದ್ರೆ ಕ್ಯಾಂಪುಗಳ ಮುಖ್ಯ ಆಡಳಿತ. ಲಾಗೆರ್ (ಕ್ಯಾಂಪು) ಅನ್ನೋದು ರಷ್ಯನ್‌ಗೆ ಜರ್ಮನ್‌ನಿಂದ ಬಂದಿರೋದು. 1930ರಲ್ಲಿ ಸೋವಿಯತ್ ಗುಪ್ತ ಪೊಲೀಸರ ಕೈಕೆಳಗೆ ಶುರುವಾದ ಇಲಾಖೆ ಇದು. "ಗುಲಾಗ್‌ಗಳು" ಅಂತ ಬಹುವಚನ ಮಾಡೋರು ಸ್ವಲ್ಪ ಯೋಚ್ನೆ ಮಾಡಿ, ನಮ್ಮಲ್ಲಿ ಯಾರಾದ್ರೂ "ಕಾರಾಗೃಹ ಇಲಾಖೆಗಳಲ್ಲಿ ಐದು ವರ್ಷ ಕೊಳೆತ" ಅಂತಾರಾ? ಅಲ್ಲಿದ್ದ ಕೈದಿಗಳು ಲಾಗೆರ್ ಅಂತಿದ್ರು, ಝೋನಾ (ಬೇಲಿಯೊಳಗಿನ ಜಾಗ) ಅಂತಿದ್ರು.

ಇಲಾಖೆ ಅಂತ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ, ಅಲ್ಲಿ ಹಿಂಸೆ ನಡೀತಿದ್ದಿದ್ದೇ ಲೆಕ್ಕದ ಪುಸ್ತಕದಲ್ಲಿ. ದಿನಕ್ಕೆ ಇಷ್ಟು ಕೆಲಸ ಅಂತ ನಿಗದಿ, ಅಷ್ಟು ಮಾಡಿದ್ರೆ ಇಷ್ಟು ಬ್ರೆಡ್ಡು, ಮಾಡದಿದ್ರೆ ಕಟ್, ಬ್ರೆಡ್ ಕಮ್ಮಿಯಾದೋನು ಮಾರನೇ ದಿನ ಇನ್ನೂ ಕಮ್ಮಿ ಕೆಲಸ ಮಾಡ್ತಿದ್ದ, ಆಗ ಬ್ರೆಡ್ ಇನ್ನೂ ಕಮ್ಮಿ. ಸರ್ಕಾರಿ ದಾಖಲೆ ಪ್ರಕಾರವೇ 15 ಲಕ್ಷಕ್ಕೂ ಹೆಚ್ಚು ಜನ ಸತ್ರು.

ಇನ್ನೊಂದು, ಸ್ಟಾಲಿನ್ ಕಾಲದಲ್ಲಿ ಸತ್ತೋರೆಲ್ಲ ಗುಲಾಗಲ್ಲಿ ಸತ್ತೋರಲ್ಲ. 1937ರ ಜುಲೈನಲ್ಲಿ ಹೊರಟ ಗುಪ್ತ ಪೊಲೀಸರ 00447 ನಂಬರಿನ ಆದೇಶ ಪ್ರಾಂತ್ಯಕ್ಕೆ ಇಷ್ಟು ಜನರನ್ನ ಹಿಡೀಬೇಕು ಅಂತ ಕೋಟಾ ಹಂಚ್ತು: ಮೊದಲನೇ ಕೆಟಗರಿಗೆ ಗುಂಡು, ಎರಡನೇದಕ್ಕೆ 8ರಿಂದ 10 ವರ್ಷ ಕ್ಯಾಂಪು ಇಲ್ಲಾ ಜೈಲು. ಕೋಟಾ ಸಾಲಲ್ಲ ಇನ್ನೂ ಕೊಡಿ ಅಂತ ಪ್ರಾಂತ್ಯದೋರು ಕೇಳಿ ಪಡೆದಿದ್ದೂ ಇದೆ. ಈ ಆದೇಶದ್ದೂ ಬೇರೆಯವೂ ಸೇರಿ 1937-38ರ ಎರಡೇ ವರ್ಷದಲ್ಲಿ 6,80,000ಕ್ಕೂ ಹೆಚ್ಚು ಜನಕ್ಕೆ ಮರಣದಂಡನೆ. ಅವರಲ್ಲಿ ಬಹಳಷ್ಟು ಜನ ಕ್ಯಾಂಪಿನ ಮುಖನೂ ನೋಡ್ಲಿಲ್ಲ. ಸರೋಜಿನಿ ನಾಯ್ಡು ಅವರ ತಮ್ಮ, ಕ್ರಾಂತಿಕಾರಿ ವೀರೇಂದ್ರನಾಥ ಚಟ್ಟೋಪಾಧ್ಯಾಯ (ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಭಾವ) ಲೆನಿನ್‌ಗ್ರಾಡಲ್ಲಿ ಅರೆಸ್ಟ್ ಆಗಿದ್ದು 1937ರ ಜುಲೈಗೆ, ಕೊಂದಿದ್ದು ಸೆಪ್ಟೆಂಬರ್ 2ಕ್ಕೆ. ಎರಡು ತಿಂಗಳೂ ತುಂಬಿರ್ಲಿಲ್ಲ.

ಈ ಗೊಂದಲ ನಾವಾಗಿ ಮಾಡ್ಕೊಂಡಿದ್ದೂ ಅಲ್ಲ. ಗುಂಡಿಕ್ಕಿ ಕೊಂದೋರ ಹೆಂಡತಿ ಬಂದು ಕೇಳಿದ್ರೆ "ಪತ್ರ ಬರೆಯೋ ಹಕ್ಕಿಲ್ಲದ 10 ವರ್ಷ ಕ್ಯಾಂಪು" ಅಂತ ಹೇಳಿ ಕಳಿಸ್ತಿದ್ರು, ಅವಳು ಹತ್ತು ವರ್ಷ ಎಣಿಸ್ತಾ ಕೂರ್ತಿದ್ಲು. ಸ್ಟಾಲಿನ್ ಸತ್ತ ಮೇಲೂ, 1955ರಲ್ಲಿ ಕೂಡ, ಕ್ಯಾಂಪಲ್ಲಿ ಕಾಯಿಲೆಯಿಂದ ಹೋದ್ರು ಅಂತ ಸುಳ್ಳು ತಾರೀಖು ಹಾಕಿ ಸರ್ಟಿಫಿಕೇಟ್ ಕೊಡೋಕೆ ಆದೇಶ ಇತ್ತು.