ಕೆರೆ ಹೋಯಿತು, ಕರಗ ಉಳಿಯಿತು

ಬೆಂಗಳೂರಿನ ಹೆಸರು ಮೊದಲು ಕಾಣಿಸುವುದು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ. ಕ್ರಿ.ಶ. 890ರ ಸುಮಾರಿನ ಒಂದು ವೀರಗಲ್ಲು ‘ಬೆಂಗಳೂರು ಕಾಳಗ’ದಲ್ಲಿ ಮಡಿದವನನ್ನು ನೆನೆಯುತ್ತದೆ. ಕಾದಿ ಸತ್ತವನಿಗೆ ವೀರಸ್ವರ್ಗ ಎಂಬ ನಂಬಿಕೆ ಇರದಿದ್ದರೆ ಅಂಥ ಕಲ್ಲನ್ನು ನಿಲ್ಲಿಸುವವರೇ ಇರುತ್ತಿರಲಿಲ್ಲ, ಊರಿನ ಹೆಸರಿಗೆ ಇಷ್ಟು ಹಳೆಯ ಸಾಕ್ಷಿಯೂ ಸಿಗುತ್ತಿರಲಿಲ್ಲ.

ಧರ್ಮವನ್ನು ಪೂಜೆ, ಗ್ರಂಥ, ಮೋಕ್ಷಗಳ ಲೆಕ್ಕದಲ್ಲಷ್ಟೇ ನೋಡಿದರೆ ಅದು ಸಮಾಜದಲ್ಲಿ ಮಾಡಿದ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಪಾಲಿಕೆ, ಆರೋಗ್ಯ ಇಲಾಖೆಗಳು ಹುಟ್ಟುವ ಮೊದಲು ನೀರು, ಸಂತೆ, ರೋಗಗಳ ಉಸ್ತುವಾರಿಯಲ್ಲಿ ದೇವರ ಪಾಲು ದೊಡ್ಡದಿತ್ತು. ಕೆರೆ ಕಟ್ಟಿಸಿದವನಿಗೆ ಪುಣ್ಯ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಕಪಿಲೆ ಹಸುವನ್ನು, ಕೊಂದ ಪಾಪ ಎಂದು ನಮ್ಮ ಶಾಸನಗಳು ಮತ್ತೆ ಮತ್ತೆ ಎಚ್ಚರಿಸುತ್ತವೆ. ಪೊಲೀಸರಿಲ್ಲದ ಊರಿನಲ್ಲಿ ಆಸ್ತಿಯನ್ನು ಕಾಯಲು ಆ ಶಾಪವೂ ಬೇಕಿತ್ತು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಿ. ಬೆಳೆ ತಿನ್ನುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಒಪ್ಪಿಸಿದರು ಎಂಬುದು ಕಥೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಹೊಸ ಬೆಳೆಗೆ ಹಳೆಯ ದೇವರು ಜಾಗ ಮಾಡಿಕೊಟ್ಟ, ರೈತನಿಗೆ ಕಾರ್ತಿಕದ ಕಡೆಯ ಸೋಮವಾರ ಗಟ್ಟಿ ಮಾರುಕಟ್ಟೆ ಸಿಕ್ಕಿತು.

1898ರಲ್ಲಿ ಪ್ಲೇಗ್ ಬಂದಾಗ ಜನ ಮಾರಮ್ಮನ ಮೊರೆ ಹೊಕ್ಕರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಸರ್ಕಾರ ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ಸಾಗಿಸಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. ಎರಡು ಬಡಾವಣೆಗಳಿಗೂ ದೇವರದೇ ಹೆಸರು. ಗಾಳಿ, ಬೆಳಕಿಗೆಂದು ಅಗಲವಾದ ರಸ್ತೆ ಹಾಕಿದವರು ನಿವೇಶನಗಳನ್ನು ಹಂಚುವಾಗ ಮಾತ್ರ ಜಾತಿಯನ್ನು ಬಿಡಲಿಲ್ಲ. ಧರ್ಮ ಊರನ್ನು ಕಟ್ಟಿತು ಎನ್ನುವವರು ಗೋಡೆಗಳನ್ನು ಕಟ್ಟಿದ್ದೂ ಅದೇ ಎಂಬುದನ್ನು ಸೇರಿಸಿಯೇ ಹೇಳಬೇಕು.

ಈ ಎರಡೂ ಮುಖಗಳು ಒಟ್ಟಿಗೆ ಕಾಣುವುದು ಕರಗದಲ್ಲಿ, ಹೂವಿನಿಂದ ಸಿಂಗರಿಸಿದ ಕಲಶವನ್ನು ತಲೆಯ ಮೇಲೆ ಹೊತ್ತು ಮೆರೆಸುವ ಪೇಟೆಯ ಹಬ್ಬದಲ್ಲಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವನ್ನು ಹೊರುವವನು ತಿಗಳ ಸಮುದಾಯದ ಗಂಡಸು. ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಕೊರಳಲ್ಲಿ ತಾಳಿ. ತಲೆಯ ಮೇಲಿನ ಕರಗದಿಂದ ಇಳಿಬಿದ್ದ ಮಲ್ಲಿಗೆ ಮುಖವನ್ನೇ ಮುಚ್ಚಿರುತ್ತದೆ. ಆ ಹೊತ್ತಿಗೆ ಅವನು ದ್ರೌಪದಿ. ಸುತ್ತ ಬರಿಮೈಯ ವೀರಕುಮಾರರು ಕತ್ತಿ ಹಿಡಿದು ‘ಗೋವಿಂದಾ’ ಎನ್ನುತ್ತಾ ನಡೆಯುತ್ತಾರೆ. ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಇದನ್ನು ಭಾಷಣಗಳಲ್ಲಿ ಸೌಹಾರ್ದದ ಮಾದರಿ ಎಂದು ಕೊಂಡಾಡುವುದುಂಟು. ನನಗೆ ಅದಕ್ಕಿಂತ ಹೆಚ್ಚು ಕಾಣುವುದು ಪೇಟೆಯ ನೆರೆಹೊರೆ: ಬೀದಿ ಬೀದಿಗೂ ಬರುವ ದೇವತೆ ಒಂದು ಬೀದಿಯನ್ನು ಬಿಟ್ಟು ಹೋಗುವುದು ಹೇಗೆ?

ತಿಗಳರು ತೋಟಗಾರರು; ಹೂವು, ಸೊಪ್ಪು, ತರಕಾರಿ ಅವರ ಬದುಕು. ಸಂಪಂಗಿ ಕೆರೆಯ ಸುತ್ತ ತೋಟಗಳಿದ್ದವು, ಹುಣ್ಣಿಮೆಗೆ ಮೊದಲು ಹಸಿಮಣ್ಣಿನಿಂದ ಮಾಡುವ ಹಸಿ ಕರಗ ಹೊರಡುವುದೂ ಅಲ್ಲಿಂದಲೇ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ಕುಡಿಯುವ ನೀರಿಗೆ ಊರೊಳಗಿನ ಕೆರೆಗಳ ಹಂಗು ತಪ್ಪಿತು. ಹಂಗು ತಪ್ಪಿದ ಕೆರೆಯನ್ನು ಕಾಯುವವರು ಯಾರು? ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕವಿಲೆಯ ಶಾಪ ಎಂಜಿನಿಯರುಗಳ ನಕ್ಷೆಯನ್ನು ತಡೆಯಲಿಲ್ಲ. ಆದರೆ ಸಂಪಂಗಿಯ ಒಂದು ಮೂಲೆ ಕರಗಕ್ಕೆಂದೇ ಪುಟ್ಟ ಕೊಳವಾಗಿ ಉಳಿಯಿತು. ಕುಡಿಯುವ ನೀರಿನ ನೆಪದಲ್ಲಿ ಉಳಿಯದ ಕೆರೆ ಆಚರಣೆಯ ನೆಪದಲ್ಲಿ ಅಷ್ಟಾದರೂ ಉಳಿದಿದೆ.

ತೋಟಗಳು ಹೋದರೂ ಕರಗ ಹೊರುವ ಹಕ್ಕು ಇಂದಿಗೂ ತಿಗಳರದೇ. ದೇವಾಲಯವೀಗ ಮುಜರಾಯಿ ಇಲಾಖೆಗೆ ಸೇರಿದೆ.