ರೆಮಿಟೆನ್ಸ್ ಎಂದರೇನು? ದುಡಿಯಲು ಹೋದವರ ಹಣ, ಉಳಿದವರ ಲೆಕ್ಕ

ದುಡಿಮೆಗೆಂದು ಹೊರದೇಶಕ್ಕೆ ಹೋದವರು ಮನೆಯವರಿಗೆ ಕಳಿಸುವ ಹಣವೇ ರೆಮಿಟೆನ್ಸ್. ಇದು ಸಾಲವಲ್ಲ, ಹೂಡಿಕೆಯೂ ಅಲ್ಲ. ಯಾರಿಗೂ ವಾಪಸ್ ಕೊಡಬೇಕಿಲ್ಲ. ದೇಶದೊಳಗೇ ವಲಸೆ ಹೋದವರು ಕಳಿಸುವ ಹಣವೂ ಮನೆಯ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ, ಆದರೆ ವಿದೇಶಿ ಪಾವತಿಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಕಳಿಸಿದ್ದಷ್ಟೂ ಮನೆ ಮುಟ್ಟುವುದಿಲ್ಲ. 200 ಡಾಲರ್ ಕಳಿಸುವಾಗ ಶುಲ್ಕ 5 ಡಾಲರ್, ವಿನಿಮಯ ದರದಲ್ಲಿ ಶೇ 3ರಷ್ಟು ಕಡಿತ ಎಂದಿಟ್ಟುಕೊಳ್ಳಿ: ಒಟ್ಟು 11 ಡಾಲರ್, ಅಂದರೆ ಶೇ 5.5 ದಾರಿಯಲ್ಲೇ ಹೋಯಿತು. ‘ಶುಲ್ಕವೇ ಇಲ್ಲ’ ಎನ್ನುವ ಕಡೆ ಹೆಚ್ಚಾಗಿ ದರದಲ್ಲಿ ಕತ್ತರಿ ಬಿದ್ದಿರುತ್ತದೆ. ಆದ್ದರಿಂದ ಶುಲ್ಕ ನೋಡಬೇಡಿ, ಮನೆಯವರ ಕೈಗೆ ಕೊನೆಗೆ ಸಿಗುವ ಮೊತ್ತವನ್ನು ಹೋಲಿಸಿ. ಶುಲ್ಕ ನಿಗದಿತವಾಗಿದ್ದರೆ ಸಣ್ಣ ಮೊತ್ತವನ್ನು ಪದೇ ಪದೇ ಕಳಿಸುವವರಿಗೇ ಹೊಡೆತ ಹೆಚ್ಚು. ಈ ವೆಚ್ಚವನ್ನು 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ವಿಶ್ವಬ್ಯಾಂಕ್ ಲೆಕ್ಕದ ಸರಾಸರಿ ಶೇ 6ರ ಆಸುಪಾಸಿನಲ್ಲೇ ಇದೆ.

ಸಾಲ ಮಾಡಿ ಹೋದವರಾದರೆ ಮೊದಲ ತಿಂಗಳುಗಳ ಹಣ ಏಜೆಂಟರ ಕಮಿಷನ್, ವೀಸಾ, ಟಿಕೆಟ್ಟಿನ ಸಾಲಕ್ಕೇ ಸರಿಹೋಗುತ್ತದೆ. ಆ ಅವಧಿಯಲ್ಲಿ ಮನೆಯ ಸ್ಥಿತಿ ಮೊದಲಿಗಿಂತ ಬಿಗಿಯಾಗುವುದೂ ಉಂಟು. ಆಮೇಲೆ ಊಟ, ಔಷಧಿ, ಶಾಲೆ ಫೀಸು, ಮನೆ ಕಟ್ಟುವುದು. ‘ಬಂದ ದುಡ್ಡೆಲ್ಲ ಗೋಡೆಗೇ ಸುರಿದರು’ ಎಂಬ ಟೀಕೆ ಅರ್ಧ ಮಾತ್ರ ನಿಜ. ಹೊರಗಿನ ಹಣ ಗೋಡೆಗೆ ಹೋದರೆ, ಊರಿನ ಗಳಿಕೆ ಫೀಸಿಗೆ ಉಳಿಯುತ್ತದೆ. ಯಾವ ನೋಟು ಎಲ್ಲಿ ಖರ್ಚಾಯಿತು ಎಂದು ಬೇರ್ಪಡಿಸಲಾಗದು.

ಅರ್ಥಶಾಸ್ತ್ರಜ್ಞರಾದ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ಇದನ್ನು ಬೇರೆ ಕೋನದಿಂದ ನೋಡಿದರು: ವಲಸೆ ಒಬ್ಬನ ನಿರ್ಧಾರವಲ್ಲ, ಇಡೀ ಕುಟುಂಬದ್ದು, ಕಳಿಸುವ ಹಣ ಒಂದು ಬಗೆಯ ವಿಮೆ. ಬೆಳೆ ಕೈಕೊಟ್ಟಾಗ, ಯಾರಾದರೂ ಹಾಸಿಗೆ ಹಿಡಿದಾಗ ಹೆಚ್ಚು ಬರುತ್ತದೆ. ಕೋವಿಡ್ ಹಬ್ಬಿದ್ದ 2020ರ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕ್ ಈ ಹಣದಲ್ಲಿ ಸುಮಾರು ಶೇ 20ರ ಕುಸಿತ ಊಹಿಸಿತ್ತು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆದದ್ದು ಶೇ 2ಕ್ಕೂ ಕಡಿಮೆ. (ವಿಮಾನ ನಿಂತು, ಜೇಬಿನಲ್ಲಿ ಬರುತ್ತಿದ್ದ ಹಣ ಬ್ಯಾಂಕಿನ ದಾರಿ ಹಿಡಿದದ್ದಕ್ಕೂ ಇದರಲ್ಲಿ ಪಾಲಿದೆ.)

ಹಣದ ಎದುರಿಗೆ ಕಳೆಯಬೇಕಾದದ್ದೂ ಇದೆ: ಹೋದವರ ದುಡಿಮೆ. ಅವರು ಮಾಡುತ್ತಿದ್ದ ಹೊಲದ ಕೆಲಸ, ಆಸ್ಪತ್ರೆ ಓಡಾಟ, ಮಕ್ಕಳ ಪಾಠ ಯಾರದೋ ಹೆಗಲಿಗೆ ಬೀಳುತ್ತದೆ. ತಾಯಿ ಹೋದ ಮನೆಗಳಲ್ಲಿ ಅದು ಹಲವು ಬಾರಿ ಹಿರಿಮಗಳ ಹೆಗಲು. ಫೀಸು ಕಟ್ಟಿರುತ್ತದೆ, ಶಾಲೆಯ ಹಾಜರಿ ಕುಸಿಯುತ್ತದೆ. ಖಾತೆ ಯಾರ ಹೆಸರಲ್ಲಿದೆ ಎಂಬುದೂ ಮುಖ್ಯ. ಹಣ ಮಾವನ ಖಾತೆಗೆ ಬಂದು ಮನೆ ನಡೆಸುವುದು ಸೊಸೆಯಾದರೆ, ಮಗುವಿನ ಔಷಧಿಗೂ ಅವಳು ಕೈಚಾಚಬೇಕು.

ಹೆಚ್ಚಿನವರು ಎಡವುವುದು ಕಂತಿನ ಲೆಕ್ಕದಲ್ಲಿ. ಓವರ್‌ಟೈಮ್ ಸಿಕ್ಕ ತಿಂಗಳ ಮೊತ್ತ ನೋಡಿ ಸಾಲ ತೆಗೆಯುತ್ತಾರೆ. ಒಪ್ಪಂದ ಮುಗಿದರೆ ಹಣ ನಿಲ್ಲುತ್ತದೆ, ಕಂತು ನಿಲ್ಲದು. ಹಿಂದಿನ 12 ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳನ್ನೇ ಆಧಾರವಾಗಿಟ್ಟುಕೊಂಡು ಕಂತು ಒಪ್ಪಿಕೊಳ್ಳಬೇಕು.