ಕೊರಿಯೋಗ್ರಫಿ ಅಂದ್ರೆ ಮೊದ್ಲು ಬರವಣಿಗೆ, ಆಮೇಲೆ ಕುಣಿತ

ರೀಲ್ಸ್ ಕೆಳಗೆ "ಎಷ್ಟ್ ಚೆನ್ನಾಗಿ ಕೊರಿಯೋಗ್ರಫಿ ಮಾಡ್ತಿದಾಳೆ" ಅನ್ನೋ ಕಾಮೆಂಟ್ ನೋಡಿ ನೋಡಿ ಸಾಕಾಯ್ತು. ಅವಳು ಕುಣೀತಿದಾಳೆ ಮಾರಾಯ್ರೆ, ಹೆಜ್ಜೆ ಕಟ್ಟಿಕೊಟ್ಟೋರು ಬೇರೆ ಯಾರೋ.

ಗ್ರೀಕಲ್ಲಿ ಖೊರೇಯಾ ಅಂದ್ರೆ ಗುಂಪಾಗಿ ಹಾಡ್ತಾ ಕುಣಿಯೋದು, ಗ್ರಾಫೇನ್ ಅಂದ್ರೆ ಬರೆಯೋದು. ಹಾಗಂತ ಕೊರಿಯೋಗ್ರಫಿ ಗ್ರೀಕರ ಕಾಲದ ಪದ ಅಂದ್ಕೋಬೇಡಿ, ಎರಡನ್ನೂ ಸೇರಿಸಿ ಚಲಾವಣೆಗೆ ಬಿಟ್ಟಿದ್ದು ಫ್ರಾನ್ಸ್‌ನೋರು. 1700ರಲ್ಲಿ ರಾವುಲ್ ಓಜೆ ಫೊಯ್ಯೆ ಅನ್ನೋ ಡ್ಯಾನ್ಸ್ ಮೇಷ್ಟ್ರು ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಹೆಸರು ಕೊರೆಗ್ರಾಫಿ, ಅದರಲ್ಲಿರೋದು ಕುಣಿತನ ಕಾಗದದ ಮೇಲೆ ಇಳಿಸೋ ಲಿಪಿ. ಹಾಳೆನೇ ರಂಗ, ಮೇಲಿಂದ ನೋಡಿದ ಹಾಗೆ ಡ್ಯಾನ್ಸರ್ ಸಾಗೋ ದಾರಿಗೆ ಒಂದು ಗೆರೆ, ಅದರ ಅಕ್ಕಪಕ್ಕ ಎಡಗಾಲು ಬಲಗಾಲಿನ ಗುರುತು, ಮಂಡಿ ಬಗ್ಗಿಸೋಕೆ ಒಂದು ಓರೆ ಗೀಟು, ಹಾರೋಕೆ ಎರಡು ನೇರ ಗೀಟು, ಮ್ಯೂಸಿಕ್ಕಿನ ಸ್ವರಲಿಪಿ ಪುಟದ ಮೇಲ್ಗಡೆ. ಇದಿಷ್ಟೂ ಬರವಣಿಗೆ, ಯಾರೂ ಇನ್ನೂ ಕುಣಿದಿಲ್ಲ! ಹೊಸ ಡ್ಯಾನ್ಸ್ ಕಟ್ಟೋದು ಅನ್ನೋ ಅರ್ಥ ಅಂಟಿಕೊಂಡಿದ್ದು ಆಮೇಲೆ, ಅದಕ್ಕೆ ನನ್ನ ತಕರಾರಿಲ್ಲ, ಆದ್ರೆ ಕಟ್ಟೋದೂ ಕುಣಿಯೋದೂ ಒಂದೇನಾ?

ಮಜಾ ಏನಂದ್ರೆ 1706ರಲ್ಲಿ ಜಾನ್ ವೀವರ್ ಅನ್ನೋ ಇಂಗ್ಲಿಷ್ ಡ್ಯಾನ್ಸ್ ಮೇಷ್ಟ್ರು ಅದೇ ಪುಸ್ತಕನ ಇಂಗ್ಲಿಷಿಗೆ ತಂದಾಗ ಆ ಹೆಸರು ಬಿಟ್ಟು ಆರ್ಕೆಸೋಗ್ರಫಿ ಅಂತ ಇಟ್ಟ. ಇದರಲ್ಲಿರೋದು ಕುಣಿಯೋದು ಅನ್ನೋ ಅರ್ಥದ ಇನ್ನೊಂದು ಗ್ರೀಕ್ ಧಾತು, ಆರ್ಕೆಸ್ಟ್ರಾ ಹುಟ್ಟಿದ್ದೂ ಅಲ್ಲಿಂದಲೇ. ಗ್ರೀಸ್‌ನ ಎಪಿಡಾರಸ್‌ನಲ್ಲಿರೋ ಪುರಾತನ ರಂಗಮಂದಿರದಲ್ಲಿ ಮೆಟ್ಟಿಲುಗಳ ಕೆಳಗೆ ದುಂಡಗೆ ಕಾಣುತ್ತಲ್ಲ, ಮೇಳದೋರು ಕುಣೀತಿದ್ದ ಆ ನೆಲನೇ ಆರ್ಕೆಸ್ಟ್ರಾ. ಈಗ ಗಣೇಶೋತ್ಸವದ ಕೀಬೋರ್ಡು, ರಿದಮ್ ಪ್ಯಾಡು ಆಗಿದೆ, ಇರಲಿ.

ಹೀಗೇ ತಪ್ಪು ಜಾಗದಲ್ಲಿ ಬಳಸೋ ಇನ್ನೊಂದು ಪದ ಮ್ಯೂಸಿಕಾಲಜಿ, ಅದು ಇವಕ್ಕಿಂತ ಎಳೆಯದು. ಸಂಗೀತದ ಅಧ್ಯಯನ ಅನ್ನೋ ಶಾಸ್ತ್ರಕ್ಕೆ 1885ರಲ್ಲಿ ಗೀಡೋ ಆಡ್ಲರ್ ಅನ್ನೋ ಆಸ್ಟ್ರಿಯಾದ ವಿದ್ವಾಂಸ ಜರ್ಮನ್‌ನಲ್ಲಿ ಚೌಕಟ್ಟು ಹಾಕಿಕೊಟ್ಟ, ಇಂಗ್ಲಿಷ್ ಪದ ಬಂದಿದ್ದು ಫ್ರೆಂಚ್ ಕಡೆಯಿಂದ. 1950ರಲ್ಲಿ ಡಚ್ ವಿದ್ವಾಂಸ ಯಾಪ್ ಕುನ್ಸ್ಟ್, ಬೇರೆ ಬೇರೆ ಜನಾಂಗಗಳ ಸಂಗೀತದ ಅಧ್ಯಯನಕ್ಕೆ ತೌಲನಿಕ ಸಂಗೀತಶಾಸ್ತ್ರ ಅನ್ನೋ ಹಳೇ ಹೆಸರು ಸರಿಯಿಲ್ಲ, ಹೋಲಿಸೋದು ಎಲ್ಲಾ ಶಾಸ್ತ್ರದಲ್ಲೂ ಇದ್ದಿದ್ದೇ ಅಂತ ಎಥ್ನೋಮ್ಯೂಸಿಕಾಲಜಿ ಅನ್ನೋದನ್ನ ಮುಂದಿಟ್ಟ. ಇಲ್ಲೆಲ್ಲ ಹಾಡೋ ಮಾತೇ ಇಲ್ಲ, ಆದ್ರೂ ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಹಾಡೋರೆಲ್ಲ ಮ್ಯೂಸಿಕಾಲಜಿಸ್ಟ್. ಪುಂಡರೀಕ ವಿಠಲ ಬರೆದ ನರ್ತನನಿರ್ಣಯ ಅನ್ನೋ ಹಳೇ ಸಂಸ್ಕೃತ ಸಂಗೀತ-ನೃತ್ಯ ಗ್ರಂಥನ ಸಂಪಾದಿಸಿದ ಮೈಸೂರಿನ ರಾ. ಸತ್ಯನಾರಾಯಣ ಅಂಥೋರಿಗೆ ಆ ಪದ ಒಪ್ಪುತ್ತೆ. ಚೆನ್ನಾಗಿ ಹಾಡೋರಿಗೆ ವಿದ್ವಾನ್, ವಿದುಷಿ ಅಂತ ಇದೆಯಲ್ಲ, ಅದೇನು ಕಮ್ಮಿನಾ?